ಬೇಗಂ ಬಜಾರಿನ ಗುಮಾಸ್ತರೂ ಗಣಕವಿದ್ಯೆಯೂ

ಹೈದರಾಬಾದಿನ ಬೇಗಂ ಬಜಾರು ಹಳೆಯ ಸಗಟು ಪೇಟೆ. ಅಸಫಜಾಹಿ ಅರಸ ನಿಜಾಮ್ ಅಲಿಖಾನನ ಬೇಗಂ ವರ್ತಕರಿಗೆ ಕೊಟ್ಟ ನೆಲದಲ್ಲಿ ಇದು ಬೆಳೆಯಿತೆಂದು ಪ್ರತೀತಿ. ಪಾತ್ರೆ, ಮಸಾಲೆ, ಒಣಹಣ್ಣು, ಕಿರಾಣಿಗಳ ಈ ವ್ಯಾಪಾರಕ್ಕೆ ಲೆಕ್ಕ ಬರೆಯುವ ಗುಮಾಸ್ತನೇ ಆಧಾರ. ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಂದಿನಿಂದ ಅವನ ವೃತ್ತಿಯ ಸ್ವರೂಪವೇ ಬೇರೆಯಾಯಿತು. ಐದು ಕೋಟಿ ರೂಪಾಯಿಗೆ ಮೀರಿದ ವಹಿವಾಟುಳ್ಳ ವರ್ತಕರು ತಮ್ಮೊಳಗಿನ ವ್ಯಾಪಾರದ ಬಿಲ್ಲುಗಳನ್ನು ೨೦೨೩ರ ಆಗಸ್ಟ್ ೧ರಿಂದ ಸರ್ಕಾರದ ಗಣಕಜಾಲದಲ್ಲಿ ನೋಂದಾಯಿಸಬೇಕಾಗಿದೆ. ಹೀಗಿರುವಲ್ಲಿ, ಇದ್ದ ನೌಕರಿಯನ್ನು ಬಿಡದೆ ಮತ್ತೆ ವಿದ್ಯಾರ್ಥಿಯಾಗಿ ಗಣಕವಿದ್ಯೆಯನ್ನು ವಿಶೇಷವಾಗಿ ಕಲಿಯುವುದು ಹೇಗೆ ಎಂಬ ಪ್ರಶ್ನೆ ಗುಮಾಸ್ತನ ಮುಂದೆ ಏಳುತ್ತದೆ. ಈ ಪ್ರಶ್ನೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ಮೊದಲು ಏನನ್ನು ಕಲಿಯಬೇಕೆಂಬುದನ್ನು ನೋಡೋಣ. ಲೆಕ್ಕ ಬರೆದು ನುರಿತವನು ಗಣಕವಿದ್ಯೆಗೆ ಬರಿಗೈಯಲ್ಲಿ ಬರುವವನಲ್ಲ. ಕಿರ್ದಿಯಲ್ಲಿ ವ್ಯವಹಾರಗಳು ದಿನಾಂಕದ ಕ್ರಮದಲ್ಲಿಯೂ, ಖತಾವಣಿಯಲ್ಲಿ ಅವೇ ವ್ಯವಹಾರಗಳು ವ್ಯಕ್ತಿವಾರಾಗಿಯೂ ಬರುತ್ತವೆ. ಒಂದೇ ಸಂಗತಿಯನ್ನು ಎರಡು ರೀತಿಯಲ್ಲಿ ಕಾಣಬೇಕಾದುದರಿಂದ ಗುಮಾಸ್ತನು ಅದನ್ನು ಎರಡು ಬಾರಿ ಬರೆಯುತ್ತಿದ್ದನು. ೧೯೭೦ರಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞನು ಮಂಡಿಸಿದ ದತ್ತಾಂಶದ ಸಂಬಂಧಾತ್ಮಕ ಮಾದರಿಯಲ್ಲಿ ಈ ಎರಡನೆಯ ಬರವಣಿಗೆ ಬೇಕಿಲ್ಲ. ಸಂಗತಿಗಳನ್ನು ಕೋಷ್ಟಕಗಳಲ್ಲಿ ಒಮ್ಮೆ ಇರಿಸಿ, ಬೇಕಾದಾಗ ಬೇಕಾದ ಕ್ರಮದಲ್ಲಿ ಕೇಳಿ ಪಡೆಯಬಹುದು. ಹಾಗೆ ಕೇಳುವ ಭಾಷೆಯೇ ಎಸ್‌ಕ್ಯೂಎಲ್.

ಇದರ ಉಪಯೋಗವನ್ನು ತೆರಿಗೆಯ ಒಂದು ನಿದರ್ಶನದಿಂದ ತಿಳಿಯಬಹುದು. ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ವರ್ತಕನು ವಜಾ ಪಡೆಯಬೇಕಾದರೆ, ಮಾರಿದವನು ಆ ಬಿಲ್ಲನ್ನು ತನ್ನ ತಃಖ್ತೆಯಲ್ಲಿ ತೋರಿಸಿರಬೇಕು. ಅದು ಕೊಂಡವನ ‘೨ಬಿ’ ಎಂಬ ಪಟ್ಟಿಯಲ್ಲಿ ಕಾಣಿಸಿಕೊಳ್ಳಬೇಕು. ೨೦೨೨ರ ಜನವರಿಯಿಂದ ಈ ನಿಯಮ ಕಟ್ಟುನಿಟ್ಟಾಗಿದೆ. ಅಂಗಡಿಯ ಖರೀದಿ ಪಟ್ಟಿಯನ್ನೂ ಸರ್ಕಾರದ ಪಟ್ಟಿಯನ್ನೂ ಮಾರಾಟಗಾರನ ನೋಂದಣಿ ಸಂಖ್ಯೆ, ಬಿಲ್ಲಿನ ಸಂಖ್ಯೆಗಳಿಂದ ಜೋಡಿಸಿ, ಹೊಂದದೆ ಉಳಿದವನ್ನು ಹೆಕ್ಕುವುದು ಪ್ರತಿ ತಿಂಗಳ ಕೆಲಸ. ಕಣ್ಣಿನಿಂದ ಮಾಡಿದರೆ ದಿನಗಳೇ ಹಿಡಿಯುವ ಈ ಕೆಲಸ ಎಸ್‌ಕ್ಯೂಎಲ್ ಬಲ್ಲವನಿಗೆ ಕೆಲವು ಸಾಲುಗಳ ಪ್ರಶ್ನೆ. ಆದರೆ ಹೊಂದದ ಬಿಲ್ಲು ಏಕೆ ಹೊಂದಲಿಲ್ಲವೆಂಬುದನ್ನು ಹೇಳಬಲ್ಲವನು ವ್ಯಾಪಾರವನ್ನು ಬಲ್ಲ ಗುಮಾಸ್ತನೇ ಹೊರತು ಬರಿಯ ಯಂತ್ರಜ್ಞನಲ್ಲ. ಆದುದರಿಂದ ನೌಕರಿಯಲ್ಲಿರುವವನು ತನ್ನ ಕೈಗೆಲಸಕ್ಕೆ ಹೊಂದಿಕೊಂಡ ಶಾಖೆಯನ್ನೇ ಮೊದಲು ಆರಿಸಿಕೊಳ್ಳುವುದು ಯುಕ್ತ. ಹಳೆಯ ಅನುಭವವನ್ನು ಬದಿಗಿಟ್ಟು ಇಪ್ಪತ್ತರ ಹರೆಯದವರೊಡನೆ ಮೊದಲಿನಿಂದ ಸ್ಪರ್ಧಿಸುವುದು ನಷ್ಟದ ಬಾಬು.

ಎಲ್ಲಿ ಕಲಿಯಬೇಕೆಂಬುದು ಎರಡನೆಯ ಪ್ರಶ್ನೆ. ಗಣಕ ತರಬೇತಿಗೆ ಹೆಸರಾದ ಅಮೀರ್‌ಪೇಟೆ, ಬೇಗಂ ಬಜಾರಿಗೆ ಸಮೀಪದ ಗಾಂಧೀಭವನ ಮೆಟ್ರೋ ನಿಲ್ದಾಣದಿಂದ ಏಳನೆಯ ನಿಲ್ದಾಣ; ಈ ಮಾರ್ಗ ೨೦೧೮ರ ಸೆಪ್ಟೆಂಬರಿನಲ್ಲಿ ತೆರೆಯಿತು. ಅಲ್ಲಿಯ ಖಾಸಗಿ ತರಗತಿಗಳಲ್ಲಿ ಕೌಶಲ ಬೇಗ ದೊರೆಯಬಹುದು, ಪದವಿ ದೊರೆಯದು. ಪದವಿಯನ್ನು ಬಯಸುವವನಿಗೆ ೧೯೮೨ರಲ್ಲಿ ಸ್ಥಾಪಿತವಾದ, ಈಗ ಡಾ. ಬಿ. ಆರ್. ಅಂಬೇಡ್ಕರ್ ಹೆಸರನ್ನು ಹೊತ್ತ ಮುಕ್ತ ವಿಶ್ವವಿದ್ಯಾಲಯವಿದೆ. ಮದರಾಸಿನ ಐಐಟಿ ೨೦೨೧ರಿಂದ ನಡೆಸುತ್ತಿರುವ ದತ್ತಾಂಶ ವಿಜ್ಞಾನದ ಪದವಿಗೆ ವಯಸ್ಸಿನ ಮಿತಿಯಿಲ್ಲ. ಪಾಠಗಳನ್ನು ಮನೆಯಲ್ಲಿಯೇ ಕೇಳಿ, ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಬೇಕು. ನಡುವೆ ನಿಲ್ಲಿಸಿದವನಿಗೂ ಮುಗಿಸಿದ ಹಂತದ ಪ್ರಮಾಣಪತ್ರವುಂಟು. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ೨೦೦೩ರಲ್ಲಿ ಆರಂಭಿಸಿದ ಎನ್‌ಪಿಟೆಲ್ ಪಾಠಗಳಿಗೆ ಶುಲ್ಕವೇ ಇಲ್ಲ, ಪರೀಕ್ಷೆಗಷ್ಟೇ ಶುಲ್ಕ.

ಸೇರುವ ಮುನ್ನ ಪದವಿಯ ಮಾನ್ಯತೆಯನ್ನು ವಿಚಾರಿಸುವುದು ಅತ್ಯಗತ್ಯ. ೨೦೧೭ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದ ಮೂಲಕ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ಪೈಕಿ ೨೦೦೫ರ ಅನಂತರ ಪ್ರವೇಶ ಪಡೆದವರವನ್ನು ರದ್ದುಗೊಳಿಸಿತು. ಆ ವ್ಯಾಜ್ಯ ಹುಟ್ಟಿದ್ದು ಬಡ್ತಿಗಾಗಿ ಹೀಗೆ ಓದಿದ ನೌಕರನೊಬ್ಬನ ಪ್ರಕರಣದಿಂದಲೇ. ರಾತ್ರಿಗಳನ್ನು ವ್ಯಯಿಸಿ ಗಳಿಸಿದ ಪದವಿ ವ್ಯರ್ಥವಾದರೆ ಆ ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು.

ಕಾಲದ ಲೆಕ್ಕವನ್ನೂ ವ್ಯಾಪಾರದ ಲೆಕ್ಕದಂತೆಯೇ ಹಾಕಬೇಕು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎರಡು ಗಂಟೆ ಓದುವೆನೆಂಬ ಸಂಕಲ್ಪ ಹಬ್ಬದ ತಿಂಗಳಿನಲ್ಲಿ ಮುರಿಯುವುದು ಸಹಜ. ಮುಂಜಾನೆ ಒಂದೇ ಗಂಟೆಯಂತೆ ವಾರಕ್ಕೆ ಆರು ದಿನ ಓದಿದರೂ ಹನ್ನೆರಡು ವಾರಗಳಲ್ಲಿ ೭೨ ಗಂಟೆಗಳಾಗುತ್ತವೆ. ಒಂದು ವಿಷಯಕ್ಕೆ ಅಷ್ಟು ಸಾಮಾನ್ಯವಾಗಿ ಸಾಕು. ತೆರಿಗೆಯ ತಃಖ್ತೆ ಸಲ್ಲಿಸುವ ದಿನಗಳು ಪರೀಕ್ಷೆಯೊಡನೆ ಕೂಡದಂತೆ ಮೊದಲೇ ನೋಡಿಕೊಳ್ಳಬೇಕು.

ಕೊನೆಯದಾಗಿ ಭಾಷೆಯ ತೊಡಕು. ೧೯೫೬ರ ನವೆಂಬರ್ ೧ರವರೆಗೆ ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದು ರಾಜ್ಯಕ್ಕೆ ಸೇರಿದ್ದುವು. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಬಂದ ನಮ್ಮ ಹಿರಿಯರು ೧೯೪೮ರವರೆಗೂ ವಿಜ್ಞಾನವನ್ನು ಉರ್ದುವಿನಲ್ಲಿ ಓದಬೇಕಾಗಿತ್ತು. ಇಂದಿನ ಕನ್ನಡಿಗ ನೌಕರನು ಅಂಗಡಿಯಲ್ಲಿ ಹಿಂದಿ, ಬೀದಿಯಲ್ಲಿ ತೆಲುಗು, ಪಾಠದಲ್ಲಿ ಇಂಗ್ಲಿಷು ಬಳಸುತ್ತಾನೆ. ಉರ್ದುವಿಗಾಗಿ ಉಸ್ಮಾನಿಯಾದಲ್ಲಿ ಪ್ರತ್ಯೇಕ ಅನುವಾದ ಸಂಸ್ಥೆಯೇ ಇದ್ದಿತು. ಕನ್ನಡಕ್ಕಾಗಿ ನಗರದ ಸಂಘಗಳು ಅಷ್ಟು ದೊಡ್ಡ ಕಾರ್ಯವನ್ನು ಕೈಗೊಳ್ಳಲಾರವು. ಆದರೆ ಭಾನುವಾರಕ್ಕೊಂದು ಕೋಣೆ, ನಾಲ್ಕು ಗಣಕಗಳು, ಕಿರ್ದಿ–ಖತಾವಣಿಗಳ ಪರಿಭಾಷೆಯಿಂದಲೇ ಕೋಷ್ಟಕಗಳನ್ನು ಕನ್ನಡದಲ್ಲಿ ವಿವರಿಸಬಲ್ಲ ಒಬ್ಬ ಉಪಾಧ್ಯಾಯ—ಇಷ್ಟನ್ನು ಒದಗಿಸುವುದು ಅಸಾಧ್ಯವಲ್ಲ. ಹೈಟೆಕ್ ಸಿಟಿಯಲ್ಲಿ ದುಡಿಯುವ ಕನ್ನಡಿಗರು ಸರದಿಯ ಮೇಲೆ ತಿಂಗಳಿಗೆ ಒಂದು ಭಾನುವಾರ ಕೊಟ್ಟರೆ ಉಪಾಧ್ಯಾಯರ ಕೊರತೆಯೂ ನೀಗುತ್ತದೆ.