ಮುಪ್ಪು, ಅಸಾಮರ್ಥ್ಯ ಮತ್ತು ಆಸ್ತಿಯ ಆಡಳಿತ

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ದಾಯವಿಭಾಗದ ಪ್ರಕರಣದಲ್ಲಿ ಒಂದು ಸೂಕ್ಷ್ಮ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾನೆ. ತಂದೆಯು ವೃದ್ಧನೋ ಚಿತ್ತವಿಕಲನೋ ದೀರ್ಘರೋಗಿಯೋ ಆದರೆ ಮನೆತನದ ಆಸ್ತಿಯ ಗತಿಯೇನು? ಅಂಥ ಸಂದರ್ಭದಲ್ಲಿ ತಂದೆಯ ಇಚ್ಛೆಯಿಲ್ಲದೆಯೂ ವಿಭಾಗವಾಗಬಹುದೆಂದು ಅವನು ಶಂಖನ ವಚನವನ್ನಾಧರಿಸಿ ಹೇಳುತ್ತಾನೆ. ಒಡೆತನವು ಕುಟುಂಬದ್ದಾಗಿದ್ದ ಕಾಲದ ಪರಿಹಾರವದು. ಹೊರನಾಡಿನಲ್ಲಿ ನೆಲೆಸಿದ ನಮ್ಮವರ ಮನೆ, ಠೇವಣಿ, ಷೇರುಗಳು ಬಹುಮಟ್ಟಿಗೆ ಸ್ವಯಾರ್ಜಿತವಾದವು. ಒಡೆಯನ ಬುದ್ಧಿ ಮಂಕಾದರೆ ಅವುಗಳ ಮೇಲಿನ ಅಧಿಕಾರವು ಪತ್ನಿಗಾಗಲಿ ಮಕ್ಕಳಿಗಾಗಲಿ ತಾನಾಗಿಯೇ ಬರುವುದಿಲ್ಲ.

"ಮುಖ್ತ್ಯಾರನಾಮೆ ಬರೆದಿಟ್ಟಿದ್ದೇನೆ, ಚಿಂತೆಯಿಲ್ಲ" ಎಂಬ ಮಾತನ್ನು ವಿದ್ಯಾವಂತರಿಂದಲೂ ಕೇಳುತ್ತೇವೆ. ಆದರೆ 1872ರ ಕರಾರು ಅಧಿನಿಯಮದ 201ನೆಯ ಕಲಮಿನಂತೆ, ಅಧಿಕಾರ ಕೊಟ್ಟವನು ಮರಣಹೊಂದಿದರೆ ಅಥವಾ ಬುದ್ಧಿಭ್ರಮಣೆಗೊಳಗಾದರೆ ಪ್ರತಿನಿಧಿಯ ಅಧಿಕಾರವು ಕೊನೆಗೊಳ್ಳುತ್ತದೆ. ತಾನು ಮಾಡಲಾರದುದನ್ನು ತನ್ನ ಪ್ರತಿನಿಧಿಯೂ ಮಾಡಲಾರನೆಂಬುದು ಇದರ ತತ್ತ್ವ. ಹೀಗಾಗಿ ಸಾಮಾನ್ಯ ಮುಖ್ತ್ಯಾರನಾಮೆಯು ಕಾಲು ಸೋತವನಿಗೆ ಊರುಗೋಲಾದೀತು. ಮರೆವಿನ ರೋಗಿಗೆ ಅದು ಬೇಕಾದ ದಿನವೇ ನಿರುಪಯೋಗಿಯಾಗುವುದು. ಇಂಗ್ಲೆಂಡು ತನ್ನ 2005ರ ಶಾಸನದಿಂದ, ಅಸಾಮರ್ಥ್ಯದ ಅನಂತರವೂ ಉಳಿಯುವ ಅಧಿಕಾರಪತ್ರಕ್ಕೆ ಮನ್ನಣೆ ಕೊಟ್ಟಿದೆ. ನಮ್ಮಲ್ಲಿ ಅಂತಹ ಸಾಮಾನ್ಯ ಶಾಸನವಿಲ್ಲ. ಮನೋರೋಗಿಯ ಆಸ್ತಿಗೆ ನ್ಯಾಯಾಲಯವು ವ್ಯವಸ್ಥಾಪಕನನ್ನು ನೇಮಿಸುವ ಕ್ರಮವು 1987ರ ಮಾನಸಿಕ ಆರೋಗ್ಯ ಅಧಿನಿಯಮದಲ್ಲಿದ್ದಿತು. 2017ರ ಹೊಸ ಅಧಿನಿಯಮದಲ್ಲಿ ಅದು ಉಳಿಯಲಿಲ್ಲ. ಪ್ರಜ್ಞೆ ತಪ್ಪಿ ಮಲಗಿದವರ ಬಂಧುಗಳು ಉಚ್ಚ ನ್ಯಾಯಾಲಯಗಳ ಮೊರೆ ಹೋಗಬೇಕಾಗಿದೆ. ಕೇರಳದ ಉಚ್ಚ ನ್ಯಾಯಾಲಯವು 2019ರಲ್ಲಿ ಇಂಥವರ ಪಾಲಕರ ನೇಮಕಕ್ಕೆ ಮಾರ್ಗಸೂತ್ರಗಳನ್ನು ವಿಧಿಸಿತು.

ಆದುದರಿಂದ ಬುದ್ಧಿ ಸ್ವಸ್ಥವಾಗಿರುವಾಗಲೇ ಮಾಡತಕ್ಕ ಕೆಲಸಗಳು ಕೆಲವಿವೆ. ಮೊದಲನೆಯದು ಬ್ಯಾಂಕಿನ ಖಾತೆ. 'ಇಬ್ಬರಲ್ಲಿ ಯಾರಾದರೊಬ್ಬರು ಅಥವಾ ಬದುಕುಳಿದವರು' ಎಂಬ ಸೂಚನೆಯ ಜಂಟಿ ಖಾತೆಯನ್ನು ಪತಿಪತ್ನಿಯರಲ್ಲಿ ಒಬ್ಬರೇ ನಡೆಸಬಹುದು. ಅದೇ ಸೂಚನೆಯ ನಿಶ್ಚಿತ ಠೇವಣಿಯನ್ನು ಮಾತ್ರ, ಇಬ್ಬರೂ ಜೀವಂತವಿರುವಾಗ, ಅವಧಿಗೆ ಮೊದಲು ಮುರಿಯಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಆಸ್ಪತ್ರೆಯ ಖರ್ಚು ಬರುವುದು ಇಂತಹ ಗಳಿಗೆಯಲ್ಲಿಯೇ. ಸ್ವಲ್ಪ ಹಣವು ಉಳಿತಾಯ ಖಾತೆಯಲ್ಲಿಯೇ ಇರಲಿ. ಕೈ ನಡುಗಿ ಸಹಿ ಮಾಡಲಾರದವರು ಹೆಬ್ಬೆಟ್ಟಿನ ಅಥವಾ ಕಾಲ್ಬೆರಳಿನ ಗುರುತಿನಿಂದ ಹಣ ಪಡೆಯಬಹುದು. ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು.

ಎರಡನೆಯದು ನಾಮನಿರ್ದೇಶನ ಮತ್ತು ಉಯಿಲು. ನಾಮನಿರ್ದೇಶಿತನು ಹಣವನ್ನು ಪಡೆಯುವವನೇ ಹೊರತು ಅದರ ಒಡೆಯನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ಜೀವವಿಮೆಯ ವಿಷಯದಲ್ಲಿಯೂ, 2023ರಲ್ಲಿ ಷೇರುಗಳ ವಿಷಯದಲ್ಲಿಯೂ ತೀರ್ಮಾನಿಸಿದೆ. ಒಡೆತನವನ್ನು ನಿರ್ಣಯಿಸುವುದು ಉಯಿಲು. ಅದಿಲ್ಲದಿದ್ದರೆ ಉತ್ತರಾಧಿಕಾರದ ಕಾನೂನು. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ. ಅದನ್ನು ಕನ್ನಡದಲ್ಲಿಯೂ ಬರೆಯಬಹುದು.

ಮೂರನೆಯದಾಗಿ, ಜೀವಂತವಿರುವಾಗಲೇ ಮನೆಯನ್ನು ಮಕ್ಕಳಿಗೆ ದಾನವಾಗಿ ಬರೆದುಕೊಡುವವರು ಎಚ್ಚರ ವಹಿಸಬೇಕು. 2007ರ ಹಿರಿಯ ನಾಗರಿಕರ ಅಧಿನಿಯಮದ 23ನೆಯ ಕಲಮು, ಪೋಷಣೆಯ ಶರತ್ತು ಮುರಿದಾಗ ದಾನವನ್ನು ರದ್ದುಗೊಳಿಸಲು ಅವಕಾಶವೀಯುತ್ತದೆ. ಶರತ್ತನ್ನು ಪತ್ರದಲ್ಲಿಯೇ ಬರೆಯಿಸುವುದು ಲೇಸು.

ಕೊನೆಯದು ಚಿಕಿತ್ಸೆಯ ವಿಷಯ. 2018ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಂಗಡ ವೈದ್ಯಕೀಯ ನಿರ್ದೇಶನವನ್ನು ಮಾನ್ಯಮಾಡಿತು. 2023ರಲ್ಲಿ ಕ್ರಮವು ಸರಳವಾಗಿ, ಇಬ್ಬರು ಸಾಕ್ಷಿಗಳ ಎದುರು ಸಹಿಮಾಡಿ ನೋಟರಿಯಿಂದ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಾಯಿತು.

ಈ ಪತ್ರಗಳೊಡನೆ ಖಾತೆ, ವಿಮೆ, ಸಾಲಗಳ ಒಂದು ಪಟ್ಟಿಯನ್ನೂ ಬರೆದಿಟ್ಟು, ಅದಿರುವ ಜಾಗವನ್ನು ಮನೆಯವರಿಗೆ ತಿಳಿಸತಕ್ಕದ್ದು. ಬಂಧುಬಳಗವು ದೂರದ ಊರಿನಲ್ಲಿರುವ ಹೊರನಾಡಿನ ಸಂಸಾರಕ್ಕೆ ಆಪತ್ಕಾಲದಲ್ಲಿ ಒದಗುವುದು ಆ ಪಟ್ಟಿಯೇ.