ಗುಂಡಿಯಾಚೆ ಒಂದು ಮೊಳ

ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಪನ್ವೇಲ್ ಲೋಕಲ್. ಖಾರ್ಘರ್‌ನಲ್ಲಿ ಇಳಿದು ಆಟೊ ಹಿಡಿದರೆ ಗುಡ್ಡದ ಬುಡದಲ್ಲಿ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊ ಕಟ್ಟಿದ ಗಾಲ್ಫ್ ಮೈದಾನ. ಕಳೆದ ಭಾನುವಾರ ಅಲ್ಲಿ ಕಲಿತದ್ದು ಇನ್ನೂ ನನ್ನ ಅಂಗೈಯಲ್ಲಿದೆ.

30 ಅಡಿಯಿಂದ ತಳ್ಳಿದ ಮೊದಲ ಚೆಂಡು ಗುಂಡಿ ದಾಟಿ ಎಂಟು ಅಡಿ ಹೋಯಿತು. ಬೆದರಿ ತಳ್ಳಿದ ಎರಡನೆಯದು ಹತ್ತು ಅಡಿ ಈಚೆಗೇ ನಿಂತಿತು. ದಿಕ್ಕು ಎರಡರಲ್ಲೂ ಸರಿಯಿತ್ತು. ನನ್ನ ಗೊಣಗಾಟದಲ್ಲಿ ಕನ್ನಡ ಕೇಳಿ, ಪಕ್ಕದಲ್ಲಿ ಕಲಿಸುತ್ತಿದ್ದ ವಿಜಯಪುರ ಕಡೆಯ ತರುಣ ಬಂದ. "ಹೊಡೀಬ್ಯಾಡ್ರಿ ಸರ, ತೊಟ್ಟಿಲಾ ತೂಗಿದಂಗ ತೂಗ್ರಿ."

ದೂರ ಎಷ್ಟೇ ಇರಲಿ, ತೂಗುವ ಲಯ ಒಂದೇ. ಬದಲಾಗಬೇಕಾದದ್ದು ಚೆಂಡು ತಳ್ಳುವ ಕೋಲಾದ ಪಟರನ್ನು ಹಿಂದೆಳೆಯುವ ಅಳತೆ ಮಾತ್ರ. ಚೆಂಡು ಉರುಳುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾಗಿ ಎರಡರಷ್ಟು ಹಿಂದೆಳೆದರೆ ಚೆಂಡು ಹೆಚ್ಚುಕಡಿಮೆ ನಾಲ್ಕರಷ್ಟು ಓಡುತ್ತದೆ. ಎರಡರಷ್ಟು ದೂರಕ್ಕೆ ಒಂದೂವರೆಗಿಂತ ತುಸು ಕಡಿಮೆ ಸಾಕು. ವರ್ಷಗಟ್ಟಲೆ ನಾನು ಎಡವಿದ್ದು ಇಲ್ಲೇ.

ಹುಲ್ಲಿನ ಗುಣವೂ ಲೆಕ್ಕಕ್ಕಿದೆ. ಅದನ್ನು ಅಳೆಯುವ ಸ್ಟಿಂಪ್‌ಮೀಟರ್ ಮೇಲೆ ನನಗೆ ವಿಪರೀತ ಮೋಹ. 1935ರ ಯುಎಸ್ ಓಪನ್‌ನಲ್ಲಿ, ಓಕ್‌ಮಾಂಟ್ ಮೈದಾನದಲ್ಲಿ, ಜೀನ್ ಸಾರಜೆನ್ ತಳ್ಳಿದ ಚೆಂಡು ಗ್ರೀನ್ (ಗುಂಡಿಯ ಸುತ್ತಲ ನುಣುಪು ಹುಲ್ಲು) ದಾಟಿ ಮರಳಿನ ಬಂಕರ್‌ಗೆ ಬಿತ್ತಂತೆ. ಅದನ್ನು ಕಂಡ ಎಡ್ವರ್ಡ್ ಸ್ಟಿಂಪ್ಸನ್ ಮರದ ಪಟ್ಟಿಯೊಂದನ್ನು ಮಾಡಿದ. 1970ರ ದಶಕದಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಅದನ್ನು 36 ಇಂಚಿನ ಅಲ್ಯೂಮಿನಿಯಂ ಪಟ್ಟಿಯಾಗಿಸಿತು. ಪಟ್ಟಿಯ ಒಂದು ತುದಿಯನ್ನು ಸುಮಾರು 20 ಡಿಗ್ರಿ ಎತ್ತಿದೊಡನೆ ಚೆಂಡು ತಾನಾಗಿ ಉರುಳಿ ಇಳಿಯುತ್ತದೆ. ಕೈಬಲಕ್ಕೆ ಅಲ್ಲಿ ಜಾಗವೇ ಇಲ್ಲ. ಮೂರು ಚೆಂಡು ಅತ್ತ, ಮೂರು ಚೆಂಡು ಇತ್ತ. ಸರಾಸರಿ ಎಷ್ಟು ಅಡಿ ಬಂತೋ ಅದೇ ಗ್ರೀನ್‌ನ ವೇಗ. ಇಷ್ಟು ಸರಳವಾದ, ಇಷ್ಟು ಪ್ರಾಮಾಣಿಕವಾದ ಸಾಧನ ಇನ್ನೊಂದು ಆಟದಲ್ಲಿ ನಾನು ಕಂಡಿಲ್ಲ.

ನಾಸಾದಲ್ಲಿ ದುಡಿದು ಗಾಲ್ಫ್ ಗುರುವಾದ ಡೇವ್ ಪೆಲ್ಜ್ ಹೇಳಿದ್ದು, ತಪ್ಪಿದ ಚೆಂಡು ಗುಂಡಿಯಾಚೆ 17 ಇಂಚಿನಲ್ಲಿ ನಿಲ್ಲುವ ವೇಗವೇ ಸರಿಯಾದ ವೇಗ ಎಂದು. ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಮೊಳ. ಮಳೆಗಾಲದ ಒದ್ದೆ ಹುಲ್ಲಿಗೂ ಬೇಸಿಗೆಯ ಒಣ ಹುಲ್ಲಿಗೂ ಅದೊಂದೇ ಅಳತೆ ಎಂದರೆ ನಾನು ಪೂರ್ತಿ ಒಪ್ಪಲಾರೆ. ಆದರೂ ಕಣ್ಣಿಗೊಂದು ಗುರಿ ಸಿಗುತ್ತದೆ. ಬೆಂಗಳೂರಿನ ಅದಿತಿ ಅಶೋಕ್ ಉದ್ದದ ಹೊಡೆತದಲ್ಲಿ ಹಿಂದಿದ್ದೂ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಟಿಂಗ್ ಬಲದಿಂದಲೇ ನಾಲ್ಕನೆಯ ಸ್ಥಾನಕ್ಕೆ ಏರಿದ್ದು ನೆನಪಿರಲಿ.

ಹೊರಡುವ ಮುನ್ನ ತರುಣ ಇನ್ನೊಂದು ಅಭ್ಯಾಸ ಕೊಟ್ಟ. ಚೆಂಡು ತಳ್ಳಿ ತಲೆ ಎತ್ತದೆ, ಎಲ್ಲಿ ನಿಂತಿತೆಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ನೋಡಬೇಕು. ಮೊದಲ ಹತ್ತರಲ್ಲಿ ಒಂದೂ ಸರಿಹೋಗಲಿಲ್ಲ. ಹನ್ನೊಂದನೆಯದಕ್ಕೆ "ಒಂದು ಮೊಳ ಆಚೆ" ಎಂದೆ. ತಲೆ ಎತ್ತಿದೆ. ಚೆಂಡು ಅಲ್ಲೇ ಇತ್ತು.