ಆರ್‌ಎಕ್ಸ್‌ 100 ಬೈಕ್‌ನ ಹೆಡ್ ಗ್ಯಾಸ್ಕೆಟ್ ಪದೇ ಪದೇ ಹೋಗುತ್ತಿದೆಯೇ? ಹೊಸದು ಹಾಕಿಸಿದರಷ್ಟೇ ಸಾಲದು

ತಯಾರಿಕೆ 1996ರಲ್ಲೇ ನಿಂತರೂ ಯಮಹಾ ಆರ್‌ಎಕ್ಸ್‌ 100 ಬೈಕ್‌ಗಳು ಇಂದಿಗೂ ಓಡುತ್ತಿವೆ. ಇವುಗಳಲ್ಲಿ ಹೊಸ ಹೆಡ್ ಗ್ಯಾಸ್ಕೆಟ್ ಹಾಕಿಸಿದ ಕೆಲವೇ ದಿನಗಳಲ್ಲಿ ಮತ್ತೆ ಲೀಕ್ ಆಗುವುದುಂಟು. ಹೆಚ್ಚಿನ ಸಂದರ್ಭಗಳಲ್ಲಿ ದೋಷ ಗ್ಯಾಸ್ಕೆಟ್‌ನದ್ದಲ್ಲ, ಸೊಟ್ಟಗಾದ ಹೆಡ್‌ನದ್ದು.

ಲಕ್ಷಣಗಳೇನು?
ಹೆಡ್ ಮತ್ತು ಸಿಲಿಂಡರ್ ಸೇರುವಲ್ಲಿ ಕಪ್ಪು ಎಣ್ಣೆ ಕಲೆ, ಕಿಕ್ ಹೊಡೆದಾಗ ಗಾಳಿ ಸೋರುವ ಶಬ್ದ, ಪಿಕಪ್ ಕುಸಿತ.

ಸೊಟ್ಟಗಾಗುವುದೇಕೆ?
ಹೆಡ್ ಅಲ್ಯೂಮಿನಿಯಂನದು. ಎಂಜಿನ್ ಅತಿಯಾಗಿ ಕಾದರೆ ಅಥವಾ ನಾಲ್ಕು ನಟ್‌ಗಳನ್ನು ಸಮನಾಗಿ ಬಿಗಿಯದಿದ್ದರೆ ಅದು ತುಸು ಬಾಗುತ್ತದೆ.

ಸರಿಪಡಿಸುವುದು ಹೇಗೆ?
ಮೊದಲು ಹೆಡ್‌ಗೆ ಅಂಟಿದ ಕಾರ್ಬನ್ ತೆಗೆದು, ನೇರ ಸ್ಟೀಲ್ ಪಟ್ಟಿ ಅಡ್ಡಲಾಗಿಟ್ಟು, ಫೀಲರ್ ಗೇಜ್‌ನಿಂದ ಸಂದು ಅಳೆಯಬೇಕು. ಯಮಹಾದ ಹಲವು ಟೂ ಸ್ಟ್ರೋಕ್ ಕೈಪಿಡಿಗಳು ಹೇಳುವ ಮಿತಿ 0.03 ಮಿ.ಮೀ. ಅದಕ್ಕಿಂತ ಹೆಚ್ಚಿದ್ದರೆ ದಪ್ಪ ಗಾಜಿನ ಮೇಲೆ 400ರಿಂದ 600 ನಂಬರ್‌ನ ವಾಟರ್ ಪೇಪರ್ ಹಾಸಿ, ನೀರು ಹಾಕುತ್ತಾ, ಹೆಡ್ ಅನ್ನು '8'ರ ಆಕಾರದಲ್ಲಿ ಉಜ್ಜಬೇಕು. ಒಂದೇ ಕಡೆ ಸವೆಯದಂತೆ ಆಗಾಗ ತಿರುಗಿಸುತ್ತಿರಬೇಕು. ಇಡೀ ಮೇಲ್ಮೈ ಒಂದೇ ಬಣ್ಣಕ್ಕೆ ಬಂದ ಕೂಡಲೇ ನಿಲ್ಲಿಸಬೇಕು.

ಹೆಚ್ಚು ಉಜ್ಜಿದರೆ?
ಈ ಎಂಜಿನ್‌ನ ಬೋರ್ 50 ಮಿ.ಮೀ. ಹೆಡ್ ಅರ್ಧ ಮಿ.ಮೀ. ಸವೆದರೂ ಇಂಧನ ಉರಿಯುವ ಜಾಗ ಸುಮಾರು 1 ಸಿಸಿ ಕುಗ್ಗುತ್ತದೆ. ಕಂಪ್ರೆಷನ್ ಏರಿ ನಾಕಿಂಗ್ ಶುರುವಾಗುತ್ತದೆ. ಪಿಸ್ಟನ್‌ಗೇ ತೂತು ಬೀಳಬಹುದು.

ಕೊನೆಯಲ್ಲಿ ಹೆಡ್ ಅನ್ನು ಚೆನ್ನಾಗಿ ತೊಳೆದು, ಹೊಸ ಗ್ಯಾಸ್ಕೆಟ್ ಇಟ್ಟು, ಎದುರುಬದುರಿನ ನಟ್‌ಗಳನ್ನು ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಹೆಡ್ ಮತ್ತೆ ಸೊಟ್ಟಗಾಗುತ್ತದೆ.